ಬಾಂಬಿಗಿಂತ ಮುಂಚಿನ ರಾಜಾ ರಾಮಣ್ಣ

ಎಂಎಸ್ಸಿ ಎರಡನೇ ವರ್ಷದಲ್ಲಿ ನಾನು ಲ್ಯಾಬ್ ರೆಕಾರ್ಡಿನಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದಿದ್ದೆ. ವಿಕಿರಣ ಎಣಿಸೋ ಯಂತ್ರವಾದ ಗೈಗರ್ ಕೌಂಟರಿನ ಪ್ರಯೋಗ ಅದು. ಮೊದಲು ಟ್ಯೂಬಿನ ಮುಂದೆ ಏನೂ ಇಡದೆ ಸುಮ್ನೆ ಒಂದೊಂದು ನಿಮಿಷ ಎಣಿಸಬೇಕು. ಗೋಡೆಯಿಂದ, ನೆಲದ ಗ್ರಾನೈಟಿನಿಂದ, ಆಕಾಶದಿಂದ ಬರುವ ವಿಕಿರಣ ಎಷ್ಟು ಅಂತ ಗೊತ್ತಾಗೋದು ಹಾಗೆ. ಬ್ಯಾಕ್‌ಗ್ರೌಂಡ್ ಕೌಂಟ್ ಅಂತಾರೆ. ಇಪ್ಪತ್ತು ರೀಡಿಂಗ್ ತಗೊಳ್ಳಬೇಕಿತ್ತು. ನಾಲ್ಕು ತಗೊಂಡೆ. ಬೇಜಾರಾಯಿತು, ಕ್ಯಾಂಟೀನಿನಲ್ಲಿ ಗೆಳೆಯರು ಬೇರೆ ಕಾಯುತ್ತಿದ್ದರು. ಉಳಿದ ಹದಿನಾರನ್ನು ಕೂತಲ್ಲೇ ಬರೆದೆ. 48, 50, 49, 49, 51, 48. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ನನಗೇ ಹೆಮ್ಮೆ ಆಗಿತ್ತು.

ಮೇಷ್ಟ್ರು ರೆಕಾರ್ಡ್ ತೆರೆದು ಅರ್ಧ ನಿಮಿಷ ನೋಡಿದರು. "ಏನಪ್ಪಾ, ಇಷ್ಟು ಸಭ್ಯವಾದ ಕೌಂಟು ನಾನು ನೋಡೇ ಇಲ್ವಲ್ಲ" ಅಂದರು.

ಸಿಕ್ಕಿಬಿದ್ದಿದ್ದು ಹೇಗೆ ಅಂದರೆ, ವಿಕಿರಣ ಬರೋದು ತನ್ನ ಪಾಡಿಗೆ, ಯಾವ ತಾಳಕ್ಕೂ ಸಿಗದೆ. ಸರಾಸರಿ 49 ಇದ್ದರೆ ಅದರ ವರ್ಗಮೂಲ 7. ಅಷ್ಟು ಏರುಪೇರು ಇರಲೇಬೇಕು. ಮೂರರಲ್ಲಿ ಎರಡು ಪಾಲು ರೀಡಿಂಗ್ 42ರಿಂದ 56ರ ಒಳಗೆ ಬಿದ್ದು, ಉಳಿದವು ಆಚೆ ಈಚೆ ಹಾರಿಹೋಗಿರಬೇಕು. ನನ್ನವು ಶಾಲೆ ಮಕ್ಕಳ ಪ್ರಾರ್ಥನೆ ಸಾಲಿನ ಹಾಗೆ ನೆಟ್ಟಗೆ ನಿಂತಿದ್ದವು. "ಮತ್ತೆ ತಗೋ. ಈ ಸಲ ಇಪ್ಪತ್ತಲ್ಲ, ನೂರು" ಅಂದರು.

ನೂರು ನಿಮಿಷ ಅಂದರೆ ಒಂದು ಗಂಟೆ ನಲವತ್ತು ನಿಮಿಷ. ಶನಿವಾರ ಮಧ್ಯಾಹ್ನ, ಲ್ಯಾಬಿನಲ್ಲಿ ನಾನು, ಅವರು, ಟಿಕ್ ಟಿಕ್ ಅನ್ನೋ ಕೌಂಟರು. ನಡುವೆ ಒಮ್ಮೆ ಕೇಳಿದರು: "ರಾಜಾ ರಾಮಣ್ಣ ಗೊತ್ತಾ?"

"ಬಾಂಬ್ ಮಾಡಿದವರು ಸರ್."

"ಅದಕ್ಕಿಂತ ಮುಂಚೆ ಏನ್ ಮಾಡ್ತಿದ್ರು?"

ಗೊತ್ತಿರಲಿಲ್ಲ.

"ಇದೇ. ಎಣಿಸ್ತಿದ್ರು."

ಆ ಉತ್ತರ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಡೆಯವರೇ ಆದ, ಪತ್ರಿಕೆಗಳಲ್ಲಿ ಅಷ್ಟೆಲ್ಲ ಬಂದ ಒಬ್ಬ ಭೌತವಿಜ್ಞಾನಿ ಮಾಡಿದ ಭೌತವಿಜ್ಞಾನ ಏನು ಅನ್ನೋದು ಭೌತವಿಜ್ಞಾನ ಓದುತ್ತಿದ್ದ ನನಗೇ ಗೊತ್ತಿರಲಿಲ್ಲ. ಆಮೇಲೆ ಬಹಳ ಜನರನ್ನು ಕೇಳಿ ನೋಡಿದ್ದೇನೆ. ಪೋಖ್ರಾನ್ ಅಂತಾರೆ. ಪಿಯಾನೋ ಅಂತಾರೆ. ಅಲ್ಲಿಗೆ ಮುಗೀತು. ಈ ಬರಹ ಅದಕ್ಕೇ.

ಪಿಯಾನೋದಿಂದಲೇ ಶುರು ಮಾಡೋಣ, ಯಾಕಂದರೆ ಅದಿಲ್ಲದಿದ್ದರೆ ಬೇರೇನೂ ನಡೆಯುತ್ತಿತ್ತೋ ಇಲ್ಲವೋ. ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ತುಮಕೂರು ಸೀಮೆಯಲ್ಲಿ. ತಂದೆ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಓದಿದ್ದು ಮೈಸೂರು, ಬೆಂಗಳೂರಿನ ಇಂಗ್ಲಿಷ್ ಶಾಲೆಗಳಲ್ಲಿ. ಚಿಕ್ಕ ವಯಸ್ಸಿನಲ್ಲೇ ಪಿಯಾನೋ ಹತ್ತಿತು. ಹುಡುಗನಾಗಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮುಂದೆ ನುಡಿಸಿದ್ದರು.

ಮೈಸೂರಿನ ಹುಡುಗನಿಗೆ ಪಿಯಾನೋ ಎಲ್ಲಿಂದ ಅಂತ ಈಗಿನವರಿಗೆ ಅನ್ನಿಸಬಹುದು. ಆ ಊರಿಗೆ ಅದು ಹೊಸದೇ ಅಲ್ಲ. ವೀಣೆ ಶೇಷಣ್ಣನವರೇ ಪಿಯಾನೋ ನುಡಿಸುತ್ತಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡ್ ಇತ್ತು. ಮುಂದೆ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ್ ಅಂತೂ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಕಲಿತು, ರಷ್ಯಾದ ಮೆಟ್ನರ್ ಅನ್ನೋ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ದುಡ್ಡು ಕೊಟ್ಟವರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷಕರು ಇಲ್ಲಿಗೆ ಬಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು.

ಹಾಗೆ ಬಂದ ಒಬ್ಬ ಪರೀಕ್ಷಕರು ಆಲ್ಫ್ರೆಡ್ ಮಿಸ್ಟೋವ್ಸ್ಕಿ. 1944ರಲ್ಲಿ ಅವರು ಹತ್ತೊಂಬತ್ತು ವರ್ಷದ ರಾಮಣ್ಣನನ್ನು ಇನ್ನೊಬ್ಬ ಸಂಗೀತಪ್ರೇಮಿಗೆ ಪರಿಚಯ ಮಾಡಿಸಿದರು. ಆ ಇನ್ನೊಬ್ಬರು, ಮುಂದೆ ಭಾರತದ ಅಣುಶಕ್ತಿ ಕೆಲಸವನ್ನು ಕಟ್ಟಿದ ಭೌತವಿಜ್ಞಾನಿ ಹೋಮಿ ಭಾಭಾ. ಯುದ್ಧದಿಂದಾಗಿ ಕೇಂಬ್ರಿಜ್‌ಗೆ ವಾಪಸ್ ಹೋಗಲಾಗದೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿದ್ದರು. ಇಬ್ಬರಿಗೂ ಮೊಜಾರ್ಟ್ ಅಂದರೆ ಪ್ರಾಣ. ಭಾರತದ ಅಣುಶಕ್ತಿಯ ಕಥೆಯಲ್ಲಿ ಇದು ನನಗೆ ಬಹಳ ಇಷ್ಟವಾದ ಭಾಗ. ಶಿಫಾರಸು ಪತ್ರ ಇಲ್ಲ, ಇಂಟರ್‌ವ್ಯೂ ಇಲ್ಲ. ಒಬ್ಬ ಪಿಯಾನೋ ಪರೀಕ್ಷಕ ಇಬ್ಬರನ್ನು ಒಂದು ಕಡೆ ಕೂರಿಸಿದ, ಅಷ್ಟೇ.

ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನದ ಪದವಿ ಮುಗಿಸಿ, ಟಾಟಾ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದರು. ಬಾಂಬು ಬಿದ್ದು ಅರ್ಧ ಹಾಳಾಗಿದ್ದ, ಊಟಕ್ಕೂ ರೇಷನ್ ಇದ್ದ ಲಂಡನ್. ಸಂಗೀತಕ್ಕೆ ಮಾತ್ರ ಬರ ಇರಲಿಲ್ಲ. ಹಗಲು ನ್ಯೂಕ್ಲಿಯರ್ ಫಿಸಿಕ್ಸ್, ಸಂಜೆ ಕಚೇರಿ, ಒಪೆರಾ. ಪಿಎಚ್‌ಡಿ ಮುಗಿಸಿ 1949ರ ಕೊನೆಯಲ್ಲಿ ಬೊಂಬಾಯಿಗೆ ಬಂದು ಭಾಭಾ ಕಟ್ಟಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಸೇರಿದರು. ಆಗ ಅದು ಗೇಟ್‌ವೇ ಹತ್ತಿರದ ಹಳೇ ಯಾಟ್ ಕ್ಲಬ್ ಕಟ್ಟಡಕ್ಕೆ ಆಗಷ್ಟೇ ಬಂದಿತ್ತು.

ಶುರುವಿನಲ್ಲಿ ಅವರು ಕೈಹಾಕಿದ್ದು ನ್ಯೂಟ್ರಾನಿನ ಮೇಲೆ, ಅಂದರೆ ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ಸಿನಲ್ಲಿ ಇರೋ ಒಂದು ಕಣದ ಮೇಲೆ. ವೇಗವಾಗಿ ಬರೋ ನ್ಯೂಟ್ರಾನ್ ನೀರಿನ ಒಳಗೋ ಬೆರಿಲಿಯಂ ಆಕ್ಸೈಡಿನ ಒಳಗೋ ಹೋದರೆ ಅಲ್ಲಿನ ಪರಮಾಣುಗಳಿಗೆ ಡಿಕ್ಕಿ ಹೊಡೆದು ಹೊಡೆದು ನಿಧಾನ ಆಗುತ್ತದೆ. ಕೊನೆಗೆ ಸುತ್ತಲಿನ ಬಿಸಿಗೆ ಸಮನಾಗಿ ಅಡ್ಡಾಡುತ್ತದೆ. ಎಷ್ಟು ಹೊತ್ತಿಗೆ ಹಾಗಾಗುತ್ತೆ, ಎಷ್ಟು ದೂರ ಹರಡುತ್ತೆ? ಕೇಳೋಕೆ ಸಪ್ಪೆ ಪ್ರಶ್ನೆ. ಆದರೆ ರಿಯಾಕ್ಟರ್, ಅಂದರೆ ಪರಮಾಣುಗಳನ್ನು ಹತೋಟಿಯಲ್ಲಿಟ್ಟು ಒಡೆಯೋ ಯಂತ್ರ, ಕಟ್ಟಬೇಕು ಅನ್ನೋ ದೇಶಕ್ಕೆ ಇದು ಬಾಣಸಿಗನಿಗೆ ಉಪ್ಪಿನ ಅಳತೆ ಇದ್ದ ಹಾಗೆ. ತಪ್ಪಿದರೆ ಉಳಿದಿದ್ದೆಲ್ಲ ಸರಿಯಿದ್ದೂ ಕೆಟ್ಟಿತು.

ರಿಯಾಕ್ಟರೂ ಬಂತು. ಬೊಂಬಾಯಿಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಚಾಲೂ ಆದ ಅಪ್ಸರಾ, ಸೋವಿಯತ್ ಒಕ್ಕೂಟ ಬಿಟ್ಟರೆ ಏಷ್ಯಾದ ಮೊದಲ ರಿಯಾಕ್ಟರ್. ಇಂಧನ ಬ್ರಿಟನ್ನಿನದು, ವಿನ್ಯಾಸ, ಕಟ್ಟಿದ್ದು, ಕಂಟ್ರೋಲ್ ವ್ಯವಸ್ಥೆಯ ಎಲೆಕ್ಟ್ರಾನಿಕ್ಸ್ ಎಲ್ಲ ಇಲ್ಲಿಯದೇ. ಈಜುಕೊಳದ ಹಾಗೆ ನೀರು ತುಂಬಿದ ಕೊಳ, ಅದರೊಳಗೆ ಯುರೇನಿಯಂ. ಓಡುವಾಗ ನೀರು ನೀಲಿಯಾಗಿ ಬೆಳಗುತ್ತದೆ. ಮರುವರ್ಷ ಜನವರಿಯಲ್ಲಿ ಉದ್ಘಾಟನೆಗೆ ಬಂದ ನೆಹರೂ ಅಪ್ಸರಾ ಅಂತ ಹೆಸರಿಟ್ಟರು. ಶಕ್ತಿ 1 ಮೆಗಾವ್ಯಾಟ್ ಮಾತ್ರ, ಒಂದು ಬಲ್ಬೂ ಅದರಿಂದ ಉರಿಯಲಿಲ್ಲ. ಅದು ಕೊಡುತ್ತಿದ್ದದ್ದು ನ್ಯೂಟ್ರಾನ್. ಪ್ರಯೋಗ ಮಾಡೋರಿಗೆ ಬೇಕಿದ್ದದ್ದೂ ಅದೇ.

ಈಗ ಮೇಷ್ಟ್ರು ಹೇಳಿದ ಎಣಿಕೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗುತ್ತೇನೆ, ನನಗೆ ರುಚಿ ಇರೋದು ಇಲ್ಲೇ.

ಯುರೇನಿಯಂ-235ರ ನ್ಯೂಕ್ಲಿಯಸ್ಸಿಗೆ ಒಂದು ನಿಧಾನದ ನ್ಯೂಟ್ರಾನ್ ಬಂದು ಸೇರಿದರೆ ಅದು ಉಬ್ಬಿ, ಉದ್ದವಾಗಿ, ನಡು ಸಣ್ಣಗಾಗಿ ಎರಡು ಚೂರಾಗುತ್ತದೆ. ಚಪಾತಿ ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ನಡುವೆ ಕುತ್ತಿಗೆ ಬರುತ್ತೆ, ತೆಳ್ಳಗಾಗುತ್ತೆ, ಪಟ್ ಅಂತ ಕಿತ್ತು ಬರುತ್ತೆ. ಹಾಗೇ. ಇದಕ್ಕೆ ಪುಸ್ತಕದಲ್ಲಿ ವಿದಳನ ಅಂತ ಹೆಸರು. ಎರಡು ಚೂರೂ ಒಂದಕ್ಕೊಂದು ಬೆನ್ನು ಹಾಕಿ ಸೆಕೆಂಡಿಗೆ ಸುಮಾರು 10,000 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ, ಹಗುರದ ಚೂರು ಇನ್ನೂ ಜಾಸ್ತಿ. ಜೊತೆಗೆ ಸರಾಸರಿ 2.4 ನ್ಯೂಟ್ರಾನ್ ಹೊರಬೀಳುತ್ತವೆ. ಅವು ಹೋಗಿ ಇನ್ನಷ್ಟು ನ್ಯೂಕ್ಲಿಯಸ್ಸುಗಳನ್ನು ಒಡೆಯುತ್ತವೆ. ಆ ನ್ಯೂಟ್ರಾನುಗಳಿಂದಲೇ ಸರಪಳಿ ಕ್ರಿಯೆ, ರಿಯಾಕ್ಟರ್, ಬಾಂಬು ಎಲ್ಲ.

ರಾಮಣ್ಣ ಮತ್ತು ಅವರ ಜೊತೆಗಾರರು ಅಪ್ಸರಾ ಮುಂದೆ ಕೂತು ಕೇಳಿದ್ದು ಇದು: ಆ ನ್ಯೂಟ್ರಾನುಗಳು ಬರೋದು ಎಲ್ಲಿಂದ? ಕುತ್ತಿಗೆ ಕಿತ್ತು ಹೋಗುವ ಆ ಗಳಿಗೆಯಲ್ಲೇ ಚಿಮ್ಮುತ್ತವೋ? ಅಥವಾ ಚೂರುಗಳು ಓಡಲು ಶುರು ಮಾಡಿದ ಮೇಲೆ, ಬಿಸಿಯಾದ ಆ ಚೂರುಗಳಿಂದ ಆವಿಯ ಹಾಗೆ ಹೊರಡುತ್ತವೋ?

ಕಣ್ಣಿಗೆ ಕಾಣದ, ಯಾವ ಗಡಿಯಾರಕ್ಕೂ ಸಿಗದ ಆ ಗಳಿಗೆಯನ್ನು ನೋಡೋದು ಹೇಗೆ? ದಿಕ್ಕಿನಿಂದ. ಓಡೋ ಬಸ್ಸಿನ ಕಿಟಕಿಯಿಂದ ಕಡಲೆಕಾಯಿ ಸಿಪ್ಪೆ ಎಸೆದರೆ, ನೀವು ಅಡ್ಡಕ್ಕೆ ಎಸೆದಿದ್ದರೂ ಅದು ಬಸ್ಸು ಹೋಗೋ ಕಡೆಗೇ ಸ್ವಲ್ಪ ಜಾರಿ ಬೀಳುತ್ತದೆ, ಅಲ್ವಾ? ಓಡೋ ಚೂರಿನಿಂದ ಹೊರಟ ನ್ಯೂಟ್ರಾನೂ ಹಾಗೇ. ಚೂರು ಯಾವ ಕಡೆ ಓಡುತ್ತಿದೆಯೋ ಆ ಕಡೆಗೆ ಜಾಸ್ತಿ ಬೀಳಬೇಕು, ಅಡ್ಡ ದಿಕ್ಕಿನಲ್ಲಿ ಕಡಿಮೆ. ಅದೇ ನ್ಯೂಟ್ರಾನ್ ಕುತ್ತಿಗೆಯಿಂದ, ಅಂದರೆ ನಿಂತ ಬಸ್ಸಿನಿಂದ, ಹೊರಟಿದ್ದರೆ ಈ ಒಲವು ಇರಬಾರದು. ಹಾಗಾಗಿ ಚೂರು ಹೋದ ದಿಕ್ಕು, ನ್ಯೂಟ್ರಾನ್ ಹೋದ ದಿಕ್ಕು, ಎರಡರ ನಡುವಿನ ಕೋನ ಅಳೆದರೆ ಸಾಕು. ಆ ಕೋನದಲ್ಲಿ ಎಷ್ಟು, ಈ ಕೋನದಲ್ಲಿ ಎಷ್ಟು.

"ಸಾಕು" ಅಂತ ಬರೆಯೋದು ಸುಲಭ. ಚೂರುಗಳನ್ನು ಹಿಡಿಯೋಕೆ ಅನಿಲ ತುಂಬಿದ ಅಯಾನ್ ಚೇಂಬರ್. ನ್ಯೂಟ್ರಾನಿಗೆ ವಿದ್ಯುತ್ ಆವೇಶ ಇಲ್ಲ, ನೇರವಾಗಿ ಸಿಗೋದೇ ಇಲ್ಲ. ಅದು ಹೋಗಿ ಬೇರೆ ಯಾವುದಕ್ಕೋ ಡಿಕ್ಕಿ ಹೊಡೆದಾಗ ಆ ಡಿಕ್ಕಿಯನ್ನು ಹಿಡಿಯಬೇಕು. ಜೊತೆಗೆ ಈ ಚೂರೂ ಆ ನ್ಯೂಟ್ರಾನೂ ಒಂದೇ ವಿದಳನದ್ದು ಅಂತ ಖಾತ್ರಿ ಬೇಕು. ಎರಡು ಸಿಗ್ನಲ್ಲೂ ಒಟ್ಟಿಗೇ ಬಂದರೆ ಮಾತ್ರ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಹೀಗೆ ಎಣಿಸಿದರೆ ಕೌಂಟು ಏರೋದೇ ಇಲ್ಲ. ಮತ್ತೆ ನಮ್ಮ ಲ್ಯಾಬಿನ ಆ ವರ್ಗಮೂಲದ ಕಾಟ: ಶೇಕಡಾ ಒಂದರಷ್ಟು ನಿಖರತೆ ಬೇಕಾದರೆ 10,000 ಎಣಿಸಬೇಕು. ಅರ್ಧ ಪರ್ಸೆಂಟ್ ಬೇಕಾದರೆ ಎರಡರಷ್ಟು ಸಾಲದು, ನಾಲ್ಕರಷ್ಟು, ಅಂದರೆ 40,000. ಅದೂ ಪ್ರತಿಯೊಂದು ಕೋನದಲ್ಲಿ. ಕೌಂಟು ತಾನಾಗಿ ಬರೋವರೆಗೆ ಕಾಯೋದು ಬಿಟ್ಟು ಬೇರೆ ದಾರಿ ಇಲ್ಲ.

1960ರ ದಶಕದ ಶುರುವಿನಲ್ಲಿ ಟ್ರಾಂಬೆಯಿಂದ ಹೊರಬಂದ ಉತ್ತರ: ಬಹುಪಾಲು ನ್ಯೂಟ್ರಾನುಗಳು ಓಡುತ್ತಿರುವ ಚೂರುಗಳಿಂದಲೇ ಬರುತ್ತವೆ. ಆದರೆ ಲೆಕ್ಕ ಪೂರ್ತಿ ಕೂಡಿ ಬರೋದಿಲ್ಲ. ಹತ್ತರಲ್ಲಿ ಒಂದರಷ್ಟು ನ್ಯೂಟ್ರಾನ್ ಬೇರೆ ಎಲ್ಲಿಂದಲೋ, ಬಹುಶಃ ಕುತ್ತಿಗೆ ಕಿತ್ತ ಗಳಿಗೆಯಲ್ಲೇ ಹೊರಟ ಹಾಗೆ ಕಾಣುತ್ತದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ತಾನಾಗೇ ಒಡೆಯೋ ಕ್ಯಾಲಿಫೋರ್ನಿಯಂ ಅನ್ನೋ ಧಾತು ಇಟ್ಟುಕೊಂಡು ಎಣಿಸುತ್ತಿದ್ದವರಿಗೂ ಸುಮಾರು ಅಷ್ಟೇ ಕಂಡಿತ್ತು. ಆ ಹತ್ತರಲ್ಲೊಂದು ಪಾಲು ನಿಜವಾಗಿ ಎಷ್ಟು ಅಂತ ಆಮೇಲೆ ದಶಕಗಟ್ಟಲೆ ಜಗಳ ನಡೆದಿದೆ. ಆಗಷ್ಟೇ ಸ್ವಾತಂತ್ರ್ಯ ಬಂದ ದೇಶದ ಒಂದು ಚಿಕ್ಕ ರಿಯಾಕ್ಟರಿನ ಪಕ್ಕ ಕೂತವರು ಆ ಜಗಳದಲ್ಲಿ ಸಮಸಮಕ್ಕೆ ನಿಂತಿದ್ದರು ಅನ್ನೋದು ನನಗೆ ಪೋಖ್ರಾನಿಗಿಂತ ದೊಡ್ಡ ವಿಷಯ ಅನ್ನಿಸುತ್ತದೆ. ಒಪ್ಪದವರು ಇರಬಹುದು, ಇರಲಿ.

ಇನ್ನೊಂದು ಕೆಲಸ ಹೇಳಲೇಬೇಕು. ಯುರೇನಿಯಂ ಒಡೆದಾಗ ಸಮಪಾಲಾಗಿ ಒಡೆಯಲ್ಲ. ಪ್ರೋಟಾನು, ನ್ಯೂಟ್ರಾನು ಸೇರಿಸಿ ಎಣಿಸಿದರೆ ಒಂದು ಚೂರು 95ರ ಆಸುಪಾಸು ತೂಕದ್ದು, ಇನ್ನೊಂದು 140ರ ಆಸುಪಾಸು. ಸರಿಯಾಗಿ ಅರ್ಧಕ್ಕರ್ಧ ಆಗೋದು ಇದಕ್ಕಿಂತ ನೂರಾರು ಪಟ್ಟು ಅಪರೂಪ. ನೀರಿನ ಹನಿಯ ಹಾಗೆ ನ್ಯೂಕ್ಲಿಯಸ್ ಅಂದುಕೊಂಡರೆ, 1939ರಲ್ಲಿ ಬೋರ್ ಮತ್ತು ವೀಲರ್ ವಿದಳನವನ್ನು ವಿವರಿಸಿದ್ದೇ ಹಾಗೆ, ಸಮಪಾಲು ಆಗೋದೇ ಸಹಜ ಅನ್ನಿಸಬೇಕು. ಆಗಲ್ಲ. ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ ಯಾವಾಗಲೂ ಒಬ್ಬನಿಗೆ ಜಾಸ್ತಿ.

1965ರಲ್ಲಿ ರಾಮಣ್ಣ ಇಬ್ಬರು ಸಹೋದ್ಯೋಗಿಗಳ ಜೊತೆ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಎರಡು ಚೂರು ಇನ್ನೂ ಪೂರ್ತಿ ಬೇರೆ ಆಗಿಲ್ಲ, ನಡುವೆ ಕುತ್ತಿಗೆ ಇದೆ ಅಂದುಕೊಳ್ಳಿ. ಆ ಕುತ್ತಿಗೆಯ ಮೂಲಕ ಪ್ರೋಟಾನು, ನ್ಯೂಟ್ರಾನುಗಳು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿರುತ್ತವೆ, ಯಾದೃಚ್ಛಿಕವಾಗಿ. ಕವಡೆ ಬಿದ್ದ ಹಾಗೆ. ಆದರೆ ಎರಡೂ ಕಡೆ ಸಂಭವ ಒಂದೇ ಅಲ್ಲ. ಪ್ರೋಟಾನು ಅಥವಾ ನ್ಯೂಟ್ರಾನು 50, 82 ಮುಂತಾದ ಕೆಲವು ಸಂಖ್ಯೆಗಳಲ್ಲಿದ್ದಾಗ ನ್ಯೂಕ್ಲಿಯಸ್ಸಿಗೆ ವಿಶೇಷ ಗಟ್ಟಿತನ ಬರುತ್ತದೆ. ಅಂಥ ಸಂಖ್ಯೆ ತಲುಪಿದ ಕಡೆಯಿಂದ ಕಣ ಕಿತ್ತು ಬರೋದು ಕಷ್ಟ. ಹಾಗಾಗಿ ಆಟ ವಾಲುತ್ತದೆ. ಕುತ್ತಿಗೆ ಕಿತ್ತಾಗ ಯಾರ ಕೈಯಲ್ಲಿ ಎಷ್ಟಿತ್ತೋ ಅದೇ ಅವರ ಪಾಲು. ಈ ಆಕಸ್ಮಿಕಗಳ ಲೆಕ್ಕ ಹಾಕಿದರೆ ಅಸಮ ಪಾಲು ತಾನಾಗೇ ಬರುತ್ತದೆ ಅನ್ನೋದು ಅವರ ವಾದ.

ಇದೇ ಕೊನೇ ಮಾತೇನೂ ಆಗಲಿಲ್ಲ. ವಿದಳನದ ಸಿದ್ಧಾಂತ ಆಮೇಲೆ ಬೇರೆ ಬೇರೆ ದಾರಿ ಹಿಡಿಯಿತು. ಆದರೆ ಇವತ್ತು ಕಂಪ್ಯೂಟರಿನಲ್ಲಿ ನ್ಯೂಕ್ಲಿಯಸ್ ಒಡೆಯೋದನ್ನು ಕುಡುಕನ ನಡಿಗೆಯ ಹಾಗೆ, ಹೆಜ್ಜೆ ಹೆಜ್ಜೆಗೂ ಆಕಸ್ಮಿಕವಾಗಿ, ಲೆಕ್ಕ ಹಾಕೋದು ಮಾಮೂಲಾಗಿದೆ. ಕಂಪ್ಯೂಟರ್ ಅಂದರೆ ಕೋಣೆ ತುಂಬ ಯಂತ್ರ ಅಂತಿದ್ದ ಕಾಲದಲ್ಲಿ ಆ ದಿಕ್ಕಿಗೆ ಯೋಚಿಸಿದ್ದು ಕಡಿಮೆ ಮಾತಲ್ಲ.

ಈ ನಡುವೆ ಇನ್ನೊಂದು ಸಂಸಾರ ಕಟ್ಟುತ್ತಿದ್ದರು. 1957ರಲ್ಲಿ ಟ್ರಾಂಬೆಯ ಟ್ರೈನಿಂಗ್ ಸ್ಕೂಲ್ ಶುರುವಾದದ್ದರ ಹಿಂದೆ ಇದ್ದವರು ರಾಮಣ್ಣ. ವಿಶ್ವವಿದ್ಯಾಲಯಗಳಿಂದ ಹುಡುಗ ಹುಡುಗಿಯರನ್ನು ಆರಿಸಿ, ಒಂದು ವರ್ಷ ಅರೆದು ಕುಡಿಸಿ, ಕೆಲಸಕ್ಕೆ ತಗೊಳ್ಳೋ ವ್ಯವಸ್ಥೆ. ಅಣುಶಕ್ತಿ ಇಲಾಖೆಯ ದೊಡ್ಡ ದೊಡ್ಡ ಹೆಸರುಗಳು ಎಷ್ಟೋ ಅಲ್ಲಿಂದ ಬಂದವು. ಅನಿಲ್ ಕಾಕೋಡ್ಕರ್ ಒಬ್ಬರು. ನನ್ನ ಸಹಪಾಠಿಯೊಬ್ಬ ಅದರ ಇಂಟರ್‌ವ್ಯೂಗೆ ಹೋಗಿ ಬಂದು ಹೇಳಿದ್ದ: "ಗೊತ್ತಿಲ್ಲ ಸರ್ ಅನ್ನೋವರೆಗೂ ಬಿಡಲ್ಲ ಕಣೋ. ಗೊತ್ತಿಲ್ಲ ಅಂದಮೇಲೆ, ಸರಿ ಹಾಗಾದ್ರೆ ಯೋಚನೆ ಮಾಡು ಅಂತಾರೆ." ಅವನಿಗೆ ಸಿಗಲಿಲ್ಲ. ನಾನಂತೂ ಅರ್ಜಿಯನ್ನೇ ಹಾಕಲಿಲ್ಲ, ರೆಕಾರ್ಡಿನ ಕಥೆ ನಿಮಗೆ ಗೊತ್ತಲ್ಲ.

1966ರ ಜನವರಿ 24ರಂದು ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಟ್ರಾಂಬೆಯ ಅಣುಶಕ್ತಿ ಸಂಸ್ಥೆಗೆ ಮರುವರ್ಷ ಅವರ ಹೆಸರು ಬಂತು, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಅಂದರೆ ಬಿಎಆರ್‌ಸಿ. 1972ರಲ್ಲಿ ರಾಮಣ್ಣ ಅದರ ನಿರ್ದೇಶಕರಾದರು. ಎರಡು ವರ್ಷಕ್ಕೆ, 1974ರ ಮೇ 18ರ ಬೆಳಿಗ್ಗೆ 8 ಗಂಟೆ 5 ನಿಮಿಷಕ್ಕೆ, ಪೋಖ್ರಾನಿನ ಮರಳಿನ ಅಡಿ ನೂರು ಮೀಟರಿಗೂ ಆಳದಲ್ಲಿ ಸ್ಫೋಟ ಆಯಿತು. ಮೊದಲು ಗೊತ್ತು ಮಾಡಿದ್ದು 8 ಗಂಟೆಗೆ. ಜೀಪೊಂದು ಸ್ಟಾರ್ಟ್ ಆಗದೆ ಐದು ನಿಮಿಷ ತಡವಾಯಿತು ಅಂತಾರೆ. ದೂರದ ಅಟ್ಟಣಿಗೆಯಿಂದ ನೋಡುತ್ತಿದ್ದ ರಾಮಣ್ಣ ಆಮೇಲೆ ಅದನ್ನು ಹನುಮಂತ ಭೂಮಿಯನ್ನೇ ಎತ್ತಿದ ಹಾಗೆ ಕಂಡಿತು ಅಂತ ವರ್ಣಿಸಿದ್ದರು.

ಆ ಸ್ಫೋಟದ ಬಗ್ಗೆ ಓದೋಕೆ ಬೇಕಾದಷ್ಟಿದೆ, ನಾನು ಹೊಸದಾಗಿ ಹೇಳೋದೇನೂ ಇಲ್ಲ. ಎರಡು ವಿಷಯ ಮಾತ್ರ. ಒಂದು, ಸರ್ಕಾರ ಅದನ್ನು ಶಾಂತಿಯುತ ಸ್ಫೋಟ ಅಂತ ಕರೆಯಿತು, ರಾಮಣ್ಣ ಕೂಡ ಬಹಳ ವರ್ಷ ಹಾಗೇ ಅಂದರು. 1997ರಲ್ಲಿ ಸುದ್ದಿಸಂಸ್ಥೆ ಪಿಟಿಐ ಜೊತೆ ಮಾತಾಡುತ್ತಾ ಅದು ಬಾಂಬೇ ಅಂತ ಬಾಯಿಬಿಟ್ಟು ಒಪ್ಪಿಕೊಂಡರು. ಇಪ್ಪತ್ತಮೂರು ವರ್ಷ. ಕೌಂಟು 49 ಅಂದರೆ 49 ಅಂತಲೇ ಬರೆಯಬೇಕಾದ ಕಸುಬಿನಿಂದ ಬಂದವರಿಗೆ ಆ ಇಪ್ಪತ್ತಮೂರು ವರ್ಷ ಹೇಗಿತ್ತೋ. ಅಥವಾ ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನೋ, ಅವರಿಗೆ ಅದೇನೂ ಭಾರ ಅನ್ನಿಸಿರಲಿಕ್ಕಿಲ್ಲ. ದೇಶದ ಕೆಲಸ ಅಂದುಕೊಂಡವರು ಬೇರೆ ತಕ್ಕಡಿ ಇಟ್ಟುಕೊಂಡಿರುತ್ತಾರೆ.

ಎರಡನೆಯದು, ಬೆಲೆ ತೆತ್ತವರಲ್ಲಿ ಭೌತವಿಜ್ಞಾನಿಗಳೂ ಇದ್ದರು. ಬಾಂಬಿನ ಒಳಗಿನ ಪ್ಲುಟೋನಿಯಂ ಬಂದದ್ದು ಕೆನಡಾ ಸಹಾಯದಿಂದ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಕೆನಡಾ ಸಿಟ್ಟಾಗಿ ಕೈ ಬಿಟ್ಟಿತು. ಪರಮಾಣು ಸಾಮಗ್ರಿ ಮಾರುವ ದೇಶಗಳು ಸೇರಿ ಕೂಟ ಕಟ್ಟಿಕೊಂಡವು. ಹೊರಗಿನ ಬಾಗಿಲು ಒಂದೊಂದಾಗಿ ಮುಚ್ಚಿತು. ಬೇಕಾದ್ದನ್ನು ಇಲ್ಲೇ ಮಾಡಿಕೊಳ್ಳೋದು ಕಲಿತೆವು ಅಂತ ಎದೆ ತಟ್ಟಿಕೊಳ್ಳುತ್ತೇವೆ, ಅದು ಸುಳ್ಳೂ ಅಲ್ಲ. ಹೊರಗಿನವರ ಜೊತೆ ಸಲೀಸಾಗಿ ಕೂತು ಮಾಡಬಹುದಾಗಿದ್ದ ಪ್ರಯೋಗ ಎಷ್ಟು ತಪ್ಪಿಹೋಯಿತೋ, ಅದನ್ನು ಯಾರೂ ಎಣಿಸಲಿಲ್ಲ.

ಆಮೇಲಿನದು ಹುದ್ದೆಗಳ ಪಟ್ಟಿ. ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರು, ಮತ್ತೆ ಬಿಎಆರ್‌ಸಿ, 1983ರಿಂದ 87ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರು, 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ರಾಜ್ಯ ಸಚಿವರು, ಆಮೇಲೆ ರಾಜ್ಯಸಭೆ. ಒಂದೊಂದೂ ದೊಡ್ಡದೇ. ಆದರೆ ಈ ಪಟ್ಟಿ ಓದುವಾಗ ನನಗೆ ಕಾಣೋದು, ಲ್ಯಾಬಿನಿಂದ ಒಬ್ಬ ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ದೂರ ಹೋಗುತ್ತಿರೋದು. ನಮ್ಮಲ್ಲಿ ಒಳ್ಳೇ ಸಂಶೋಧಕನಿಗೆ ಕೊಡೋ ಬಹುಮಾನ ಅಂದರೆ ಸಂಶೋಧನೆ ಬಿಡಿಸಿ ಕುರ್ಚಿ ಕೊಡೋದು. ಇದು ಯಾರೋ ಒಬ್ಬರ ತಪ್ಪಲ್ಲ, ನಮ್ಮ ಮನೆಗಳಲ್ಲೂ ಅಡುಗೆ ಚೆನ್ನಾಗಿ ಮಾಡೋರನ್ನೇ ಮದುವೆ ಮನೆಯ ಉಗ್ರಾಣಕ್ಕೆ ಕೂರಿಸ್ತೀವಿ.

ಆ ಕುರ್ಚಿಯಿಂದಲೂ ಅವರು ಪ್ರಯೋಗ ಮಾಡೋರಿಗೆ ಬೇಕಾದ್ದನ್ನು ಮರೆಯಲಿಲ್ಲ ಅನ್ನೋದಕ್ಕೆ ಸಾಕ್ಷಿ ಇದೆ. ಕಣಗಳನ್ನು ಸುತ್ತಿಸಿ ವೇಗ ಕೊಡೋ ಯಂತ್ರ, ಕೋಲ್ಕತ್ತದ ಸೈಕ್ಲೋಟ್ರಾನ್, 1977ರಲ್ಲಿ ಓಡಿತು. ಇಂದೋರಿನಲ್ಲಿ ಆಕ್ಸಲರೇಟರ್, ಲೇಸರುಗಳಿಗಾಗಿ ಕೇಂದ್ರ ಶುರುವಾದದ್ದು ಅವರು ಆಯೋಗದ ಅಧ್ಯಕ್ಷರಾಗಿದ್ದಾಗ, 1984ರಲ್ಲಿ. ಈಗ ಆ ಕೇಂದ್ರಕ್ಕೆ ಅವರದೇ ಹೆಸರು. ಎಲೆಕ್ಟ್ರಾನುಗಳನ್ನು ಸುತ್ತಿಸಿ ಪ್ರಯೋಗಕ್ಕೆ ಬೆಳಕು ಕೊಡೋ ಯಂತ್ರಗಳು, ಅಂದರೆ ದೇಶದ ಸಿಂಕ್ರೊಟ್ರಾನ್‌ಗಳಾದ ಇಂಡಸ್-1, ಇಂಡಸ್-2, ಇರೋದು ಅಲ್ಲೇ.

ಕರ್ನಾಟಕದವರಾಗಿ ನಾವು ಕೈಗಾ ಬಿಟ್ಟು ಈ ಕಥೆ ಹೇಳೋಕಾಗಲ್ಲ. ಕಾಳಿ ನದಿ ದಂಡೆಯ ಕಾಡಿನಲ್ಲಿ ಅಣುವಿದ್ಯುತ್ ಸ್ಥಾವರ ಬೇಡ ಅಂತ ಎಂಬತ್ತರ ದಶಕದಲ್ಲಿ ದೊಡ್ಡ ಚಳವಳಿ ಆಯಿತು. ಎದುರಿಗೆ ನಿಂತವರು ಸಾಮಾನ್ಯರೇನಲ್ಲ, ಶಿವರಾಮ ಕಾರಂತರು. 1989ರಲ್ಲಿ, ಎಂಬತ್ತೇಳರ ಆಸುಪಾಸಿನ ವಯಸ್ಸಿನಲ್ಲಿ, ಪರಿಸರದ ಹೆಸರಿನಲ್ಲಿ ಲೋಕಸಭೆ ಚುನಾವಣೆಗೇ ನಿಂತರು, ಸೋತರು. ಯೋಚನೆ ಮಾಡಿ: ಒಂದು ಕಡೆ ಕಾರಂತರು, ಇನ್ನೊಂದು ಕಡೆ ರಾಮಣ್ಣ ಮುನ್ನಡೆಸಿದ್ದ ಇಲಾಖೆ. ನಮ್ಮ ಮನೆಯಲ್ಲಿ ಅಪ್ಪ ಒಂದು ಪಕ್ಷ, ಚಿಕ್ಕಪ್ಪ ಇನ್ನೊಂದು. ಊಟಕ್ಕೆ ಕೂತರೆ ಸಾರು ಆರಿಹೋಗುವವರೆಗೂ ವಾದ. ಚಿಕ್ಕಪ್ಪ "ವಿಜ್ಞಾನಿಗಳಿಗೆ ಗೊತ್ತಿರಲ್ವಾ?" ಅಂದರೆ, ಅಪ್ಪ "ಗೊತ್ತಿರೋದು ಅವರಿಗೆ, ಇರೋದು ಅಲ್ಲಿಯವರು" ಅನ್ನುತ್ತಿದ್ದರು.

1994ರ ಮೇನಲ್ಲಿ ಕಟ್ಟುತ್ತಿರುವಾಗಲೇ ಕೈಗಾದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. ಆ ವಾರ ಚಿಕ್ಕಪ್ಪ ಮನೆ ಕಡೆ ಬರಲಿಲ್ಲ. ಅದೇ ಕೈಗಾದ ಮೊದಲ ಘಟಕ 2018ರಲ್ಲಿ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ಆಗ ಅಪ್ಪ ಇರಲಿಲ್ಲ, ಇದ್ದಿದ್ದರೆ ಏನಾದರೂ ಮಾತು ಹುಡುಕಿಕೊಳ್ಳುತ್ತಿದ್ದರು. ನಾನು ಈಗಲೂ ಯಾವ ಪಕ್ಷ ಅಂತ ಕೇಳಬೇಡಿ. ವಾರಕ್ಕೊಂದು ಸಲ ಬದಲಾಗುತ್ತೇನೆ.

ಕೊನೆಯ ಸುತ್ತಿನಲ್ಲಿ ರಾಮಣ್ಣ ಬೆಂಗಳೂರಿಗೇ ಬಂದರು. ಜೆ.ಆರ್.ಡಿ. ಟಾಟಾ ಅವರ ಕನಸಿನಂತೆ 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಅದು ಇರೋದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಆವರಣದಲ್ಲಿ, ಅಂದರೆ 1944ರಲ್ಲಿ ಭಾಭಾ ಇದ್ದ ಜಾಗದಲ್ಲೇ. ರಾಗಗಳನ್ನೂ ಪಾಶ್ಚಾತ್ಯ ಸಂಗೀತವನ್ನೂ ಪಕ್ಕ ಪಕ್ಕ ಇಟ್ಟು ಒಂದು ಪುಸ್ತಕ ಬರೆದರು. ಇದು ಬರೀ ಹವ್ಯಾಸದ ಬರಹ ಅಂತ ನನಗೆ ಅನ್ನಿಸಲ್ಲ. ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಕೀಲಿಗಳನ್ನು ಗಟ್ಟಿಯಾಗಿ ಕೂರಿಸಿರುತ್ತಾರೆ. ಪ್ರತಿ ಸ್ವರದ ಕಂಪನವೂ ಹಿಂದಿನದರ 1.0595 ಪಟ್ಟು, ಅಷ್ಟೇ, ಕೂದಲೆಳೆ ಆಚೆ ಈಚೆ ಇಲ್ಲ. ನಮ್ಮ ಸಂಗೀತದ ಜೀವ ಇರೋದು ಆ ಎರಡು ಕೀಲಿಗಳ ನಡುವಿನ ಜಾಗದಲ್ಲಿ. ಪಿಯಾನೋ ಮೇಲೆ ಗಮಕ ನುಡಿಸೋಕೆ ಆಗಲ್ಲ. ಜೀವಮಾನವಿಡೀ ಪಿಯಾನೋ ನುಡಿಸಿದ ಮೈಸೂರು ಸೀಮೆಯವರಿಗೆ ಆ ಜಾಗ ಕಾಡದೆ ಇರುತ್ತಾ?

2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ತೀರಿಕೊಂಡರು. ಅವರು ಎಣಿಸುತ್ತಾ ಕೂತಿದ್ದ ಅಪ್ಸರಾ 2009ರವರೆಗೆ ಓಡಿ ನಿಂತಿತು. 2018ರಲ್ಲಿ ಅದೇ ಕೊಳದ ಜಾಗದಲ್ಲಿ ಹೊಸ ಅಪ್ಸರಾ ಶುರುವಾಗಿದೆ.

ನಮ್ಮ ಮೇಷ್ಟ್ರೂ ಈಗಿಲ್ಲ. ಹಳೇ ಟ್ರಂಕಿನಲ್ಲಿ ಆ ರೆಕಾರ್ಡ್ ಪುಸ್ತಕ ಮಾತ್ರ ಉಳಿದಿದೆ. ಮೊದಲ ಪುಟದಲ್ಲಿ ನನ್ನ ಸಭ್ಯ ಸಂಖ್ಯೆಗಳ ಮೇಲೆ ಕೆಂಪು ಗೀಟು. ಮುಂದಿನ ಪುಟಗಳಲ್ಲಿ ಆ ಶನಿವಾರದ ನೂರು ರೀಡಿಂಗ್. 41, 57, 46, 38, 52, 49, 55. ಅರವತ್ತೆಷ್ಟನೆಯದೋ ರೀಡಿಂಗ್ 67. ಯಂತ್ರ ಕೆಟ್ಟಿರಬೇಕು ಅಂದುಕೊಂಡು ಅದಕ್ಕೆ ಕಾಟು ಹೊಡೆಯಲು ಹೋಗಿದ್ದೆ, ಪೆನ್ನಿನ ಗುರುತು ಶುರುವಾಗಿ ನಿಂತಿದೆ. ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಬಂದಿದ್ದು ಬಂದಿದೆ. ಇರಲಿ ಬಿಡು."